ಗಾಳಿಯ ಲೆಕ್ಕಕ್ಕೆ ಸಹಿ ಹಾಕುವವರು ಯಾರು?

"ಜರ್ಮನಿಯವರ ಸ್ಟ್ಯಾಂಡರ್ಡ್ ಇದೆಯಲ್ಲ, ಅದನ್ನೇ ತಗೊಂಡರಾಯ್ತು ಬಿಡಿ." ಗುಜರಾತ್, ತಮಿಳುನಾಡಿನ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ವಿಷಯ ಬಂದಾಗಲೆಲ್ಲ ಊರಿನ ಎಂಜಿನಿಯರ್ ಗೆಳೆಯರು ಹೇಳುವುದು ಇದನ್ನೇ. ಹ್ಯಾಂಬರ್ಗಿನಲ್ಲಿ ಕೂತು ಕೇಳುವಾಗ ಚುಚ್ಚುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ 7,453 ಕೋಟಿ ರೂಪಾಯಿ ನೆರವು ಒಪ್ಪಿದ ಮೇಲೆ ಇದು ಬರೀ ಹರಟೆಯ ಮಾತಾಗಿ ಉಳಿದಿಲ್ಲ.

ಖಂಭಾತ್ ಕೊಲ್ಲಿಯ ಬದಿಯ ಸೂರತ್ ನಗರವನ್ನೇ ತೆಗೆದುಕೊಳ್ಳಿ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಭಾರತದ ಮಾನದಂಡವಾದ ಐಎಸ್ 875ರ ಮೂರನೇ ಭಾಗ ಅಲ್ಲಿಗೆ ಕೊಡುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್. ಅದು 10 ಮೀಟರ್ ಎತ್ತರದಲ್ಲಿ 3 ಸೆಕೆಂಡು ಬೀಸುವ ರಭಸದ ಗಾಳಿ. ಗಾಳಿಯಂತ್ರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61400-1 ಎಣಿಸುವುದು ಹಬ್ (ಬ್ಲೇಡುಗಳು ಕೂಡುವ ನಡುಭಾಗ) ಎತ್ತರದಲ್ಲಿ 10 ನಿಮಿಷದ ಸರಾಸರಿಯನ್ನು: ಒಂದನೇ ದರ್ಜೆಯ ಯಂತ್ರಕ್ಕೆ ಸೆಕೆಂಡಿಗೆ 50 ಮೀಟರ್, ಎರಡನೆಯದಕ್ಕೆ 42.5. ಈ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಎತ್ತರ ಹೆಚ್ಚಿದಂತೆ ಗಾಳಿವೇಗ ಏರುವುದಕ್ಕೆ ಐಇಸಿಯದೇ 0.11 ಘಾತಾಂಕ ಹಿಡಿದು 44ನ್ನು 120 ಮೀಟರ್ ಎತ್ತರದ ಹಬ್‌ಗೆ ಏರಿಸಿದರೆ ಸುಮಾರು 58, ರಭಸದ ಗಾಳಿಯನ್ನು ಸರಾಸರಿಗೆ ಇಳಿಸಲು ಅದನ್ನು 1.4ರಿಂದ ಭಾಗಿಸಿದರೆ 41. ಎರಡನೇ ದರ್ಜೆಯ ಯಂತ್ರವೇ ಸಾಕು ಅನಿಸುತ್ತದೆ. ಆದರೆ ಐಎಸ್ 875ರ 2015ರ ಪರಿಷ್ಕರಣೆ ಗುಜರಾತ್ ಕರಾವಳಿಗೆ ಚಂಡಮಾರುತದ ಗುಣಕ ಸೇರಿಸಿದೆ. ಕೈಗಾರಿಕಾ ರಚನೆಗೆ 1.15, ಚಂಡಮಾರುತ ಹಾದುಹೋದ ಮೇಲೂ ಕೆಲಸಕ್ಕೆ ಬರಲೇಬೇಕಾದವಕ್ಕೆ 1.30. ಮೊದಲನೆಯದನ್ನು ಹಿಡಿದರೆ ಒಂದನೇ ದರ್ಜೆ ಬೇಕು. ಎರಡನೆಯದನ್ನು ಹಿಡಿದರೆ ಸರಾಸರಿ 54ರ ಹತ್ತಿರ ಬಂದು, ಚಂಡಮಾರುತದ ಪ್ರದೇಶಗಳಿಗೆಂದು 57ಕ್ಕೆ ನಿಗದಿಯಾದ ಐಇಸಿಯ ಟಿ ದರ್ಜೆಯೇ ಗತಿ. ಗಾಳಿಯ ಒತ್ತಡ ಸುಮಾರು 1.7 ಪಟ್ಟು ಏರುತ್ತದೆ. ಕಡಲ ನಡುವಿನ ವಿದ್ಯುತ್ ಸ್ಥಾವರಕ್ಕೆ ಯಾವ ಗುಣಕ? ಇದಕ್ಕೆ ಉತ್ತರ ಹೇಳಿ ಹೊಣೆ ಹೊರುವವರು ಬೇಕು.

ಜರ್ಮನಿಯಲ್ಲಿ ಆ ಹೊಣೆ ಬಿಎಸ್‌ಎಚ್ ಎಂಬ ಕಡಲ ಇಲಾಖೆಯದು. ಪ್ರತಿ ಯಂತ್ರ ನಿಲ್ಲುವ ಜಾಗದಲ್ಲೂ ಕಡಲತಳದ ಮಣ್ಣು ಪರೀಕ್ಷೆಯಾಗಬೇಕು. ಬೇರೊಂದು ಪ್ರಮಾಣೀಕರಣ ಸಂಸ್ಥೆ ವಿನ್ಯಾಸವನ್ನು ಸ್ವತಂತ್ರವಾಗಿ ಪರಿಶೀಲಿಸಬೇಕು. ಆಮೇಲೆ ಹಂತಹಂತವಾಗಿ ಒಪ್ಪಿಗೆ. ಒಂದು ಹಂತ ಸಿಗದಿದ್ದರೆ ಹಡಗು ಬಂದರಿನಲ್ಲೇ ನಿಲ್ಲಬೇಕು. ನಮ್ಮಲ್ಲಿ ಗುದ್ದಲಿ ಪೂಜೆ ಮುಗಿದ ಮೇಲೆ ಮಣ್ಣು ಪರೀಕ್ಷೆಗೆ ಟೆಂಡರ್ ಕರೆಯುವುದನ್ನು ಎಷ್ಟು ಸೇತುವೆಗಳಲ್ಲಿ ನೋಡಿಲ್ಲ? ಆ ಅಭ್ಯಾಸ ಕಡಲಿಗೆ ಇಳಿಯಬಾರದು. ಗೆಳೆಯರು ತರಬೇಕೆನ್ನುವ ನಿಯಮಪುಸ್ತಕದ ಜೊತೆ ಈ ತಡೆಯುವ ಅಧಿಕಾರ ಬರುವುದಿಲ್ಲ. ಅದನ್ನು ನಾವೇ ಕಟ್ಟಬೇಕು.

ಹಾಗೆಂದು ಇಲ್ಲಿಯ, ಅಂದರೆ ಯುರೋಪಿನ, ಪುಸ್ತಕವೂ ಪೂರ್ಣವಲ್ಲ. 2009-10ರ ಹೊತ್ತಿಗೆ ಉತ್ತರ ಸಮುದ್ರದ ಹಲವು ಯಂತ್ರಗಳಲ್ಲಿ ಮಾನೋಪೈಲ್‌ಗೂ (ಕಡಲತಳಕ್ಕೆ ಹೊಡೆದ ದಪ್ಪ ಉಕ್ಕಿನ ಕಂಬ) ಅದರ ಮೇಲೆ ತೊಡಿಸುವ ಜೋಡಣೆ ಕೊಳವೆಗೂ ನಡುವೆ ತುಂಬಿದ ಗಾರೆ, ಅಂದರೆ ಗ್ರೌಟ್, ಸೋತು, ಕೊಳವೆ ಕೆಳಕ್ಕೆ ಜಾರತೊಡಗಿತು. ಗಾಳಿ, ಅಲೆಗಳು ಅತ್ತಿತ್ತ ಬಾಗಿಸಿ ಬಾಗಿಸಿ ನೇರ ಸಿಲಿಂಡರಿನ ಹಿಡಿತ ಬಿಟ್ಟಿತ್ತು. ಅದಾದ ಮೇಲೆಯೇ 1ರಿಂದ 3 ಡಿಗ್ರಿ ಇಳಿಜಾರಿನ ಶಂಕುವಿನಾಕಾರದ ಜೋಡಣೆ, ಉಕ್ಕಿನ ಏಣುಗಳು ನಿಯಮಕ್ಕೆ ಬಂದವು. ಚಂಡಮಾರುತವಂತೂ ಈ ಕಡಲಿನ ಅನುಭವವೇ ಅಲ್ಲ. ಗ್ರಿಡ್ ಕಡಿದುಹೋದರೂ ಯಂತ್ರವನ್ನು ಗಾಳಿಯತ್ತ ತಿರುಗಿಸಲು 6 ಗಂಟೆಯ ಬ್ಯಾಕಪ್ ಇದ್ದರೆ ಐಇಸಿ ರಿಯಾಯಿತಿ ಕೊಡುತ್ತದೆ. ನಮ್ಮ ಕರಾವಳಿಯಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ, ಗಾಳಿಯ ದಿಕ್ಕೂ ಗಂಟೆಗಳಲ್ಲೇ ತಿರುಗುತ್ತದೆ. ಅಲ್ಲಿ ಆ ರಿಯಾಯಿತಿ ಬಿಟ್ಟು, ಗಾಳಿ ಯಾವ ದಿಕ್ಕಿನಿಂದ ಹೊಡೆದರೂ ತಡೆಯುವಂತೆ ಬ್ಲೇಡು, ಗೋಪುರಗಳನ್ನು ಲೆಕ್ಕ ಹಾಕಬೇಕು. ಈ ಒಂದು ವಿಷಯದಲ್ಲಿ, ಚಂಡಮಾರುತದ ಗುಣಕ ಬರೆದ ನಮ್ಮವರ ಮಾತೇ ಹ್ಯಾಂಬರ್ಗಿನವರ ಮಾತಿಗಿಂತ ಮೇಲು.