ಹಿಮ ಬೀಳುವ ಚಿತ್ರವನ್ನು ಅಕ್ಟೋಬರಿಗೆ ಕಟ್ಟಿಹಾಕಬೇಡಿ

ಕಳೆದ ಶನಿವಾರ ರಾತ್ರಿ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆತ್ಮೀಯರೊಬ್ಬರ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಇನ್ನೂ ನನ್ನ ಮನಸ್ಸಿನಿಂದ ಇಳಿದಿಲ್ಲ. ಊಟ ಮುಗಿದು ದೊಡ್ಡವರು ಮಾತಿಗೆ ಕುಳಿತಿದ್ದೆವು; ಮಕ್ಕಳು ಟಿವಿಯ ಮುಂದೆ ಸೇರಿ 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಎಂಬ ಬೊಂಬೆಗಳ ಚಿತ್ರವನ್ನು ಹಾಕಿಸಿಕೊಂಡಿದ್ದರು. ಅಕ್ಟೋಬರ್ ಕೊನೆಯ ದೆವ್ವಭೂತಗಳ ಹಬ್ಬವಾದ ಹ್ಯಾಲೋವೀನ್ ಹೆಸರಿನ ಪಟ್ಟಣದಿಂದ ಬಂದ ಅಸ್ಥಿಪಂಜರದ ನಾಯಕ ಜ್ಯಾಕ್ ಕಾಡಿನ ನಡುವಿನ ಮರದ ಬಾಗಿಲನ್ನು ತೆರೆದು ಹಿಮದ ಊರಿಗೆ ಬಿದ್ದ ಹೊತ್ತಿಗೆ ಸರಿಯಾಗಿ ಮನೆಯವರು ಬಂದು, "ಇದು ಹ್ಯಾಲೋವೀನ್ ಸಿನಿಮಾ, ಅಕ್ಟೋಬರ್‌ನಲ್ಲೇ ನೋಡಿ ಮುಗಿಸಬೇಕಿತ್ತು, ಈಗ ಕ್ರಿಸ್‌ಮಸ್‌ದು ಯಾವುದಾದರೂ ಹಾಕೋಣ" ಎಂದು ರಿಮೋಟ್ ಒತ್ತಿಬಿಟ್ಟರು. ಏಳು ವರ್ಷದ ಹುಡುಗನೊಬ್ಬ ನನ್ನ ಕಡೆ ತಿರುಗಿ, "ಆಂಟಿ, ಅದರಲ್ಲಿ ಸ್ನೋ ಬೀಳತ್ತೆ ಅಲ್ವಾ? ಸ್ಯಾಂಟಾನೂ ಬರ್ತಾನೆ ಅಲ್ವಾ?" ಎಂದು ಕೇಳಿದ. ಬೇರೆಯವರ ಮನೆಯಲ್ಲಿ ಕುಳಿತು ಅವರ ಮಾತಿಗೆ ಎದುರಾಡಬಾರದೆಂದು ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ತಪ್ಪೆಂದು ಕಾರಿನಲ್ಲಿ ಬರುವಾಗಲೇ ಅನ್ನಿಸಿತು. ಆ ಹುಡುಗನ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಕಂದಾ, ಅದು ಕ್ರಿಸ್‌ಮಸ್ಸಿನ ಚಿತ್ರವೇ.

1993ರಲ್ಲಿ ಬಿಡುಗಡೆಯಾದ ಈ ಚಿತ್ರ ಯಾವ ಹಬ್ಬದ್ದು ಎಂಬ ವಾದ ಅಮೆರಿಕದಲ್ಲಿ ಬಹುಕಾಲದಿಂದ ನಡೆಯುತ್ತ ಬಂದಿದೆ ಎಂಬುದು ನನಗೆ ಗೊತ್ತು. ಪ್ರತಿ ವರ್ಷ ಶರತ್ಕಾಲ ಬಂದೊಡನೆ ಕಚೇರಿಯ ಊಟದ ಮೇಜಿನಲ್ಲಿ, ಶಾಲೆಯ ಮುಂದೆ ಮಕ್ಕಳಿಗಾಗಿ ಕಾಯುವ ತಾಯಂದಿರ ನಡುವೆ ಇದೇ ಮಾತು ಏಳುತ್ತದೆ. ಆದರೆ ಹೆಚ್ಚಿನವರು ಚಿತ್ರದ ಮೈಬಣ್ಣವನ್ನು ನೋಡಿ ತೀರ್ಪು ಕೊಡುತ್ತಾರೆಯೇ ಹೊರತು ಕಥೆಯನ್ನು ನೋಡಿ ಅಲ್ಲ ಎಂಬುದೇ ನನ್ನ ತಕರಾರು. ಅಸ್ಥಿಪಂಜರವಿದೆ, ಮಾಟಗಾತಿಯರಿದ್ದಾರೆ, ರಕ್ತಪಿಶಾಚಿಗಳಿದ್ದಾರೆ, ಆದ್ದರಿಂದ ಹ್ಯಾಲೋವೀನ್ ಎನ್ನುತ್ತಾರೆ. ರಾಮಾಯಣದ ಅರ್ಧದಷ್ಟು ದೂರ ಕಪಿಗಳೇ ಓಡಾಡುತ್ತಾರೆ. ಅಷ್ಟು ಮಾತ್ರಕ್ಕೆ ಅದನ್ನು ಯಾರೂ ಕಿಷ್ಕಿಂಧೆಯ ಕಥೆ ಎಂದು ಕರೆಯುವುದಿಲ್ಲ. ಕಥೆಯಲ್ಲಿ ಯಾರ ಮುಖ ಹೆಚ್ಚು ಕಾಣಿಸುತ್ತದೆ ಎಂಬುದಕ್ಕಿಂತ ಆ ಮುಖಗಳೆಲ್ಲ ಯಾವ ಕಡೆ ತಿರುಗಿವೆ ಎಂಬುದನ್ನು ನೋಡಬೇಕು.

ಚಿತ್ರ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನೇ ಗಮನಿಸಿ. ಮೊದಲ ಹಾಡು ಮುಗಿಯುವಷ್ಟರಲ್ಲಿ ಆ ವರ್ಷದ ಹ್ಯಾಲೋವೀನ್ ಮುಗಿದೇಹೋಗಿರುತ್ತದೆ. ಊರಿನವರು ಜ್ಯಾಕ್‌ನನ್ನು ಕೊಂಡಾಡುತ್ತಿರುವಾಗ ಅವನು ಮಾತ್ರ ಸ್ಮಶಾನದ ಕಡೆ ನಡೆದುಹೋಗುತ್ತಾನೆ, ಏಕೆಂದರೆ ವರ್ಷಗಟ್ಟಲೆ ಅದೇ ಹೆದರಿಸುವ ಕೆಲಸ ಮಾಡಿ ಅವನಿಗೆ ಬೇಸರ ಬಂದಿದೆ. ಹಿಮದ ಊರನ್ನು ಕಂಡ ಮೇಲೆ ಈ ಸಲದ ಕ್ರಿಸ್‌ಮಸ್ಸನ್ನು ಸ್ಯಾಂಟಾನ ಬದಲು ತಾನೇ ನಡೆಸಲು ಹೊರಡುತ್ತಾನೆ. ಅಲ್ಲಿಂದಾಚೆಗಿನ ಕಥೆಯೆಲ್ಲ ಕ್ರಿಸ್‌ಮಸ್ ಕಡೆಗೆ ದಿನ ಎಣಿಸುತ್ತ ಸಾಗುತ್ತದೆ. ಹ್ಯಾಲೋವೀನ್ ಪಟ್ಟಣದ ಜನ ಆ ವಾರಗಳಲ್ಲಿ ಮಾಡುವುದೇನು? ಆಟಿಕೆ ತಯಾರಿಸುತ್ತಾರೆ, ಉಡುಗೊರೆ ಕಟ್ಟುತ್ತಾರೆ, ಸ್ಯಾಂಟಾನದರಂಥ ಹಾರುವ ಗಾಡಿ ಸಿದ್ಧಮಾಡುತ್ತಾರೆ. ಜ್ಯಾಕ್‌ನನ್ನು ಮೆಚ್ಚಿದ ಚಿಂದಿಬೊಂಬೆ ಸ್ಯಾಲಿ ಅವನಿಗೆ ಸ್ಯಾಂಟಾನ ಕೆಂಪು ಅಂಗಿ ಹೊಲಿಯುತ್ತಾಳೆ. ಇಷ್ಟಕ್ಕೂ ಗಂಡಾಂತರ ಬರುವುದು ಯಾವ ಹಬ್ಬಕ್ಕೆ? ಮುಂದಿನ ವರ್ಷ ಹ್ಯಾಲೋವೀನ್ ನಡೆಯುತ್ತದೋ ಇಲ್ಲವೋ ಎಂಬ ಆತಂಕದ ಮೇಲೆ ಚಿತ್ರ ನಿಂತಿಲ್ಲ. ಅಪಹರಣವಾಗುವವನು ಸ್ಯಾಂಟಾ, ಹಾಳಾಗುವುದು ಮಕ್ಕಳ ಕ್ರಿಸ್‌ಮಸ್ ಬೆಳಗು, ಕೊನೆಗೆ ಉಳಿಸಿಕೊಳ್ಳಬೇಕಾದದ್ದೂ ಅದೇ ಬೆಳಗು.

ಈ ಕಥೆಯ ಬೇರು ಕೂಡ ಕ್ರಿಸ್‌ಮಸ್ಸಿನ ಮಣ್ಣಿನಲ್ಲೇ ಇದೆ. ಚಿತ್ರದ ಮೂಲ ಕಥೆಗಾರ ಟಿಮ್ ಬರ್ಟನ್ 1982ರಲ್ಲಿ ಡಿಸ್ನಿಯಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಇದನ್ನು ಮೊದಲು ಒಂದು ಪದ್ಯವಾಗಿ ಬರೆದರು. ಅಂಗಡಿಯಲ್ಲಿ ಹ್ಯಾಲೋವೀನ್ ಅಲಂಕಾರಗಳನ್ನು ಇಳಿಸಿ ಅದೇ ಜಾಗದಲ್ಲಿ ಕ್ರಿಸ್‌ಮಸ್ ಸಾಮಗ್ರಿಗಳನ್ನು ಏರಿಸುವುದನ್ನು ಕಂಡದ್ದು ಅದಕ್ಕೆ ಪ್ರೇರಣೆಯಾಯಿತು. ಪದ್ಯದ ಮಾದರಿಯಾದರೋ, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸ್ಯಾಂಟಾ ಬರುವುದನ್ನು ವರ್ಣಿಸುವ, 1823ರಲ್ಲಿ ಮೊದಲು ಅಚ್ಚಾಗಿ ಇಂದಿಗೂ ಅಮೆರಿಕದ ಮನೆಮನೆಗಳಲ್ಲಿ ಮಕ್ಕಳಿಗೆ ಓದಿ ಹೇಳುವ ಪ್ರಸಿದ್ಧ ಕವಿತೆ. ಚಿತ್ರದ ಹೆಸರು ಆ ಕವಿತೆಯ ಮೊದಲ ಸಾಲಿನ ನೆರಳು. ಹೊಳೆಯುವ ಮೂಗಿನಿಂದ ಸ್ಯಾಂಟಾನ ಗಾಡಿಗೆ ದಾರಿ ತೋರುವ ರುಡಾಲ್ಫ್ ಜಿಂಕೆಯ 1964ರ ಕಥೆ, 1966ರ ಗ್ರಿಂಚ್ ಕಥೆ, ಇವೆರಡೂ ಬರ್ಟನ್ ಬಾಲ್ಯದಲ್ಲಿ ಟಿವಿಯಲ್ಲಿ ನೋಡಿ ಮೆಚ್ಚಿದ ಕ್ರಿಸ್‌ಮಸ್ ಕಾರ್ಯಕ್ರಮಗಳು. ಜ್ಯಾಕ್‌ನ ಪ್ರಯಾಣವನ್ನು ತಡೆಯಲೆಂದು ಸ್ಯಾಲಿ ಮಂಜು ಕವಿಸಿದಾಗ ಅವನ ಭೂತನಾಯಿ ಜೀರೋ ತನ್ನ ಹೊಳೆಯುವ ಮೂಗಿನಿಂದ ಗಾಡಿಗೆ ದಾರಿ ತೋರಿಸುತ್ತದೆ. ಆ ಮೂಗು ರುಡಾಲ್ಫನದು ಎಂಬುದು ಇಲ್ಲಿನ ಪುಟ್ಟ ಮಗುವಿಗೂ ತಿಳಿಯುತ್ತದೆ. ಪರರ ಕ್ರಿಸ್‌ಮಸ್ಸನ್ನು ಕದ್ದವನು ಕೊನೆಗೆ ಅದನ್ನು ಹಿಂತಿರುಗಿಸುವ ಕಥೆ ಗ್ರಿಂಚನದು. ಇಷ್ಟೆಲ್ಲ ಒಡವೆಗಳನ್ನು ಕ್ರಿಸ್‌ಮಸ್ ಮನೆಯಿಂದಲೇ ತೊಟ್ಟು ಬಂದ ಚಿತ್ರವನ್ನು ಆ ಮನೆಯ ಹೊಸ್ತಿಲಲ್ಲೇ ತಡೆದು ನಿಲ್ಲಿಸಿದರೆ ನನಗೆ ಸಿಟ್ಟು ಬರುತ್ತದೆ.

ಎದುರು ಪಕ್ಷದವರ ಬಳಿ ಒಂದು ದೊಡ್ಡ ಸಾಕ್ಷಿ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಚಿತ್ರದ ನಿರ್ದೇಶಕ ಹೆನ್ರಿ ಸೆಲಿಕ್ ಅವರೇ 2015ರಲ್ಲಿ ಕೊಲರಾಡೊದ ಟೆಲುರೈಡ್‌ನಲ್ಲಿ ನಡೆದ ಭಯಾನಕ ಚಿತ್ರಗಳ ಉತ್ಸವದಲ್ಲಿ ಪ್ರೇಕ್ಷಕರು ಕೇಳಿದಾಗ, ಇದು ಹ್ಯಾಲೋವೀನ್ ಚಿತ್ರ ಎಂದೇ ಹೇಳಿದರು. ಸೆಲಿಕ್ ಅವರ ಮೇಲೆ ನನಗೆ ಅಪಾರ ಗೌರವವಿದೆ. ಚಿತ್ರದ ಹೆಸರಿನ ಮುಂದೆ ಬರ್ಟನ್ ಅವರ ಹೆಸರು ಇರುವುದರಿಂದ ಜನ ಅವರನ್ನೇ ನಿರ್ದೇಶಕರೆಂದು ತಿಳಿಯುತ್ತಾರೆ. ಆದರೆ ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1991ರಿಂದ ನೂರಕ್ಕೂ ಹೆಚ್ಚು ಜನರನ್ನು ಕಟ್ಟಿಕೊಂಡು, ಒಂದು ಸೆಕೆಂಡಿಗೆ 24 ಚೌಕಟ್ಟುಗಳಂತೆ ಬೊಂಬೆಗಳನ್ನು ಕೂದಲೆಳೆಯಷ್ಟು ಕದಲಿಸುತ್ತ ಈ ಚಿತ್ರಕ್ಕೆ ಜೀವ ತುಂಬಿದವರು ಸೆಲಿಕ್. ಜ್ಯಾಕ್‌ನ ಮಾತು ಮತ್ತು ಮುಖಭಾವಗಳಿಗಾಗಿಯೇ ಸುಮಾರು 400 ತಲೆಗಳನ್ನು ಮಾಡಿಟ್ಟುಕೊಂಡು ಒಂದೊಂದಾಗಿ ಬದಲಾಯಿಸಿದರು. ಅಂಥವರ ಮಾತನ್ನು ಹಗುರವಾಗಿ ತಳ್ಳಿಹಾಕುತ್ತಿಲ್ಲ. ಆದರೂ ಅವರ ಮಾತಿಗಿಂತ ಅವರ ಕೈಕೆಲಸವನ್ನೇ ನಾನು ಹೆಚ್ಚು ನಂಬುತ್ತೇನೆ.

ಆ ಕೈಕೆಲಸ ಏನು ಹೇಳುತ್ತದೆ ನೋಡಿ. ಹ್ಯಾಲೋವೀನ್ ಪಟ್ಟಣವನ್ನು ಅವರು ಕಪ್ಪು, ಬೂದು ಮತ್ತು ಕುಂಬಳಕಾಯಿಯ ಕಿತ್ತಳೆ ಬಣ್ಣಗಳಲ್ಲೇ ಹೆಚ್ಚಾಗಿ ಕಟ್ಟಿದ್ದಾರೆ. ಗೆರೆಗಳು ಗೀಚಿದಂತಿವೆ, ಗೋಡೆಗಳು ಓರೆಯಾಗಿವೆ. ನೋಡುವವರ ಕಣ್ಣು ಆ ಕತ್ತಲೆಗೆ ಒಗ್ಗಿಕೊಂಡ ಮೇಲೆ ಜ್ಯಾಕ್ ಕಾಡಿನಲ್ಲಿ ವೃತ್ತಾಕಾರವಾಗಿ ನಿಂತ ಮರಗಳ ನಡುವೆ ಬರುತ್ತಾನೆ. ಒಂದೊಂದು ಮರದಲ್ಲಿ ಒಂದೊಂದು ಹಬ್ಬದ ಬಾಗಿಲಿದೆ. ಅವನು ಅಲಂಕರಿಸಿದ ಕ್ರಿಸ್‌ಮಸ್ ಮರದ ಆಕಾರದ ಬಾಗಿಲನ್ನೇ ತೆರೆಯುತ್ತಾನೆ. ಆಗ ಬರುತ್ತದೆ ಬಣ್ಣ. ಅಲ್ಲಿಯವರೆಗೆ ಬಚ್ಚಿಟ್ಟುಕೊಂಡಿದ್ದ ಕೆಂಪು, ಹಸಿರು, ಹಳದಿ ಎಲ್ಲವೂ ಬಿಳಿಯ ಹಿಮದ ಮೇಲೆ ಒಮ್ಮೆಲೇ ಸುರಿಯುತ್ತವೆ. ಡ್ಯಾನಿ ಎಲ್ಫ್‌ಮನ್ ಅವರ ಸಂಗೀತ ಉಸಿರು ಬಿಡದೆ ಓಡುತ್ತದೆ, ಜ್ಯಾಕ್‌ನ ಹಾಡನ್ನು ಹಾಡಿದವರೂ ಅವರೇ. ಗಾಳಿಯಲ್ಲಿ ತೇಲುವ ಬಿಳಿಯ ವಸ್ತುವಿಗೆ ಏನೆನ್ನಬೇಕೆಂದು ಜ್ಯಾಕ್‌ಗೆ ತಿಳಿಯದು. ಮಕ್ಕಳು ಎಸೆದಾಡುತ್ತಿರುವುದು ತಲೆಗಳನ್ನಲ್ಲ, ಹಿಮದ ಉಂಡೆಗಳನ್ನು ಎಂದು ಅವನಿಗೆ ಅಚ್ಚರಿ. ಕಿಟಕಿಯಿಂದ ಕಿಟಕಿಗೆ ಓಡಿ ಒಳಗಿನ ಬೆಚ್ಚನೆಯ ಬೆಳಕನ್ನು ನೋಡುತ್ತಾನೆ. ಇಡೀ ಚಿತ್ರದ ಎದೆಬಡಿತ ಇರುವುದು ಈ ಹಾಡಿನಲ್ಲಿ. ಹ್ಯಾಲೋವೀನ್ ಚಿತ್ರವಾಗಿದ್ದರೆ ನಿರ್ದೇಶಕರು ತಮ್ಮ ಬಣ್ಣಗಳನ್ನೆಲ್ಲ ಈ ಕ್ಷಣಕ್ಕಾಗಿ ಕೂಡಿಡುತ್ತಿರಲಿಲ್ಲ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು, ಏಕೆಂದರೆ ನನ್ನ ಹಟ ಬಂದಿರುವುದು ಅಲ್ಲಿಂದಲೇ. ನಾನು ಸಾಗರದಿಂದ ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 2006ರ ಡಿಸೆಂಬರಿನಲ್ಲಿ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ತಿಂಗಳು ನನಗೆ ಇಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಸಂಜೆ ಐದಕ್ಕೇ ಕತ್ತಲಾಗುತ್ತಿತ್ತು. ಯಜಮಾನರು ಕೆಲಸದಿಂದ ಬರುವವರೆಗೆ ನಾನು ಬೀದಿಯಲ್ಲಿ ನಡೆಯುತ್ತ ಪರದೆ ಎಳೆಯದ ಕಿಟಕಿಗಳೊಳಗಿನ ಮರಗಳನ್ನು, ದೀಪಗಳನ್ನು, ಒಟ್ಟಿಗೆ ಕುಳಿತವರನ್ನು ನೋಡುತ್ತಿದ್ದೆ. ಮರುವರ್ಷ ನಾವೂ ಒಂದು ಮರ ತಂದೆವು. ಪಕ್ಕದ ಮನೆಯ ಮರದಲ್ಲಿ ಎಷ್ಟು ಸಾಲು ದೀಪ, ಎಷ್ಟು ಗಾಜಿನ ಗುಂಡು, ಕೆಂಪೆಷ್ಟು, ಬಂಗಾರದ ಬಣ್ಣದ್ದೆಷ್ಟು ಎಂದು ಎಣಿಸಿ ನೋಟುಬುಕ್ಕಿನಲ್ಲಿ ಬರೆದುಕೊಂಡು ಅಷ್ಟನ್ನೇ ತಂದು ಕಟ್ಟಿದೆ. ಎಲ್ಲವೂ ಸರಿಯಾಗಿತ್ತು, ಆದರೆ ಮನೆಯಲ್ಲಿ ಹಬ್ಬ ಇರಲಿಲ್ಲ. ಅದೇ ವಾರ ಗ್ರಂಥಾಲಯದಿಂದ ಈ ಚಿತ್ರದ ಡಿವಿಡಿ ತಂದು ನೋಡಿದೆ. ಜ್ಯಾಕ್ ಕ್ರಿಸ್‌ಮಸ್ಸಿನ ಅರ್ಥ ತಿಳಿಯಲೆಂದು ಗಾಜಿನ ಗುಂಡನ್ನು ಪುಡಿಮಾಡಿ ಕುದಿಸುತ್ತಾನೆ, ಆಟಿಕೆಯ ಕರಡಿಯನ್ನು ಕತ್ತರಿಸಿ ಒಳಗೆ ನೋಡುತ್ತಾನೆ, ಹಲಗೆಯ ಮೇಲೆ ಸಮೀಕರಣ ಬರೆಯುತ್ತಾನೆ. ಆ ದೃಶ್ಯವನ್ನು ನಾನು ಅಳುತ್ತ ನೋಡಿದೆ. ಪರರ ಹಬ್ಬವನ್ನು ಹೊರಗಿನಿಂದ ಪ್ರೀತಿಸಿ, ಅದನ್ನು ಲೆಕ್ಕದಿಂದ ಹಿಡಿಯಲು ಹೋಗಿ ಸೋತವರಿಗೆ ಇದು ಯಾವ ಹಬ್ಬದ ಚಿತ್ರ ಎಂಬ ಅನುಮಾನ ಬರುವುದಿಲ್ಲ. ಹೊರಗೆ ನಿಂತವನ ಕಣ್ಣಿಗೆ ಕಾಣುವ ಕ್ರಿಸ್‌ಮಸ್ಸೂ ಕ್ರಿಸ್‌ಮಸ್ಸೇ.

"ಆದರೆ ಕೊನೆಯಲ್ಲಿ ಜ್ಯಾಕ್ ತಾನು ಕುಂಬಳಕಾಯಿಯ ರಾಜನೆಂದೇ ಒಪ್ಪಿಕೊಂಡು ತನ್ನ ಹಬ್ಬಕ್ಕೆ ಮರಳುತ್ತಾನಲ್ಲ?" ಎಂದು ಗೆಳತಿಯೊಬ್ಬಳು ಕೇಳಿದಳು. ನಿಜ, ಮರಳುತ್ತಾನೆ. ಅವನ ಉಡುಗೊರೆಗಳಿಗೆ ಜನ ಹೆದರಿದಾಗ ಸೈನ್ಯದವರು ಹೊಡೆದುರುಳಿಸಿದ ಗಾಡಿಯಿಂದ ಅವನು ಬೀಳುವುದು ಸ್ಮಶಾನದ ದೇವದೂತೆಯ ಕಲ್ಲಿನ ತೋಳುಗಳಲ್ಲಿ, ಅಲ್ಲಿಯೇ ಅವನಿಗೆ ತಾನು ಯಾರೆಂಬ ಅರಿವು ಮರುಕಳಿಸುತ್ತದೆ. ಆದರೆ ಅದು ನಡೆಯುವುದು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ. ಎದ್ದೊಡನೆ ಅವನು ಮಾಡುವ ಮೊದಲ ಕೆಲಸ ಸ್ಯಾಂಟಾನನ್ನು ಬಿಡಿಸಲು ಓಡುವುದು.

ಇನ್ನು ಹೆದರಿಕೆಯ ಮಾತು. ದೆವ್ವಗಳಿಗೆ ಕ್ರಿಸ್‌ಮಸ್ಸಿನಲ್ಲಿ ಜಾಗವಿಲ್ಲ ಎಂದು ಯಾರು ಹೇಳಿದರೋ ನನಗೆ ತಿಳಿಯದು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿನ ಚಳಿಯ ರಾತ್ರಿಗಳಲ್ಲಿ ಬೆಂಕಿಯ ಸುತ್ತ ಕುಳಿತು ದೆವ್ವದ ಕಥೆ ಹೇಳುವುದು ಹಳೆಯ ವಾಡಿಕೆ. ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ, ಕ್ರಿಸ್‌ಮಸ್ ಕಥೆಗಳಿಗೆಲ್ಲ ಹಿರಿಯಣ್ಣನಂತಿರುವ ಕಥೆಯಲ್ಲಿ ಜಿಪುಣ ಮುದುಕನನ್ನು ತಿದ್ದಲು ಬರುವವರು ಸತ್ತ ಪಾಲುದಾರನ ಪ್ರೇತ ಮತ್ತು ಇನ್ನೂ ಮೂರು ಭೂತಗಳು. ಇಂಗ್ಲಿಷ್ ಲೇಖಕ ಎಂ.ಆರ್. ಜೇಮ್ಸ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ತಮ್ಮ ಭಯಾನಕ ಕಥೆಗಳನ್ನು ಗೆಳೆಯರಿಗೆ ಓದುತ್ತಿದ್ದದ್ದು ಕ್ರಿಸ್‌ಮಸ್ ಸಮಯದಲ್ಲಿ. ಆಸ್ಟ್ರಿಯಾ ಮತ್ತು ಬವೇರಿಯಾದ ಊರುಗಳಲ್ಲಿ ಡಿಸೆಂಬರ್ 5ರ ರಾತ್ರಿ ಕೊಂಬಿನ ರಾಕ್ಷಸ ಕ್ರಾಂಪಸ್ ಬೀದಿಗೆ ಇಳಿಯುತ್ತಾನೆ. ನಾವಾದರೂ ಇದನ್ನು ಬೇಗ ಅರಿಯಬೇಕಿತ್ತು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಟ್ಟು ಮರುದಿನ ಬೆಳಗ್ಗೆಯೇ ನವರಾತ್ರಿಯ ಕಲಶ ಇಡುವವರು ನಾವು, ಬಲಿಪಾಡ್ಯಮಿಗೆ ಅಸುರ ಚಕ್ರವರ್ತಿಯನ್ನು ಮನೆಯೊಳಗೆ ಕರೆದು ಪೂಜಿಸುವವರೂ ನಾವೇ. ನನ್ನ ಬಾಲ್ಯದಲ್ಲಿ ಬಯಲಾಟದ ರಾಕ್ಷಸ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದ್ದೇನೆ. ಹೆದರಿದೆನೆಂದು ಆ ರಾತ್ರಿಯ ಸಂಭ್ರಮ ಕಡಿಮೆಯಾಗಲಿಲ್ಲ.

ಡಿಸ್ನಿಯವರಿಗೂ ಮೊದಲು ಈ ಹೆದರಿಕೆಯೇ ಅಡ್ಡ ಬಂದಿತ್ತು. ಮಕ್ಕಳಿಗೆ ಇದು ಬಲು ಕರಾಳವಾದೀತೆಂದು ತಮ್ಮ ಹೆಸರಿನಲ್ಲಿ ಬಿಡುಗಡೆ ಮಾಡದೆ ಟಚ್‌ಸ್ಟೋನ್ ಎಂಬ ತಮ್ಮದೇ ಇನ್ನೊಂದು ಹೆಸರಿನಲ್ಲಿ 1993ರ ಅಕ್ಟೋಬರಿನಲ್ಲಿ ತೆರೆಗೆ ತಂದರು. ಅಕ್ಟೋಬರಿನ ಬಿಡುಗಡೆಯನ್ನೂ ಕೆಲವರು ಸಾಕ್ಷಿಯಾಗಿ ತೋರಿಸುತ್ತಾರೆ. ಬಿಡುಗಡೆಯ ದಿನಾಂಕ ವ್ಯಾಪಾರದ ನಿರ್ಧಾರ, ಕಥೆಯ ಜಾತಕ ಅಲ್ಲ. ಅದೇ ಡಿಸ್ನಿಯವರು 2001ರಿಂದ ಅನಾಹೈಮ್‌ನ ಡಿಸ್ನಿಲ್ಯಾಂಡಿನ ಭೂತಬಂಗಲೆಯನ್ನು ಈ ಚಿತ್ರದ ಅಲಂಕಾರದಿಂದ ಸಿಂಗರಿಸುತ್ತ ಬಂದಿದ್ದಾರೆ. ನಾವು ಮಕ್ಕಳನ್ನು ಕರೆದುಕೊಂಡು ಹೋದದ್ದು ಡಿಸೆಂಬರಿನ ಕೊನೆಯ ವಾರ, ಆಗಲೂ ಜ್ಯಾಕ್ ಅಲ್ಲಿಯೇ ಇದ್ದ. ಹ್ಯಾಲೋವೀನ್ ಮುಗಿಯಿತೆಂದು ನವೆಂಬರ್ 1ರಂದು ಅವನನ್ನು ಅಲ್ಲಿಂದ ಕಳುಹಿಸುವುದಿಲ್ಲ. ಆ ಬಂಗಲೆಗೆ ಇರುವ ಔದಾರ್ಯ ನಮ್ಮ ರಿಮೋಟುಗಳಿಗೂ ಇರಲಿ ಎಂದು ಕೇಳುತ್ತೇನೆ.

ಎರಡೂ ಹಬ್ಬಕ್ಕೆ ಸೇರಿದ್ದು ಎಂದು ಹೇಳಿ ಮಾತು ಮುಗಿಸುವವರ ಸಂಧಾನವೂ ನನಗೆ ಸಮ್ಮತವಲ್ಲ. ಅಕ್ಟೋಬರಿನಲ್ಲಿ ನೋಡುವವರನ್ನು ನಾನು ತಡೆಯುವುದಿಲ್ಲ, ಬೇಕಾದರೆ ಜೂನಿನಲ್ಲೂ ನೋಡಲಿ. ಡಿಸೆಂಬರಿನಲ್ಲಿ ನೋಡಲು ಕುಳಿತ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳಬೇಡಿ ಎಂಬುದಷ್ಟೇ ನನ್ನ ಬೇಡಿಕೆ. ಹಾಗೆ ಕಿತ್ತುಕೊಂಡಾಗ ಆ ಮಗುವಿಗೆ ತಪ್ಪಿಹೋಗುವುದು ಚಿತ್ರದ ಕೊನೆಯ ಭಾಗ. ಕೆಲಸ ಮುಗಿಸಿದ ಸ್ಯಾಂಟಾ ತನ್ನನ್ನು ಚೀಲದಲ್ಲಿ ಕಟ್ಟಿ ಹಿಂಸಿಸಿದ ಅದೇ ಪಟ್ಟಣದ ಮೇಲೆ ಗಾಡಿಯಲ್ಲಿ ಹಾದುಹೋಗುತ್ತ, ಹ್ಯಾಲೋವೀನ್ ಶುಭಾಶಯ ಕೂಗಿ, ಹಿಮ ಸುರಿಸುತ್ತಾನೆ. ಕೆಳಗಿನಿಂದ ಜ್ಯಾಕ್ ಕ್ರಿಸ್‌ಮಸ್ ಶುಭಾಶಯ ಹೇಳುತ್ತಾನೆ. ಲೆಕ್ಕ ಹಾಕಿ, ಕುದಿಸಿ, ಕದ್ದು ಅವನು ಪಡೆಯಲಾಗದಿದ್ದದ್ದು ಕೇಳದೆಯೇ ಆಕಾಶದಿಂದ ಬೀಳುತ್ತದೆ. ಪಿಶಾಚಿಗಳೂ ಮಾಟಗಾತಿಯರೂ ಮೊದಲ ಬಾರಿಗೆ ಹಿಮದಲ್ಲಿ ಆಡುತ್ತಾರೆ.

ನಮ್ಮ ಈ ಕಣಿವೆಯಲ್ಲಿ ಹಿಮ ಬೀಳುವುದಿಲ್ಲ, ಆ ಹುಡುಗ ಇನ್ನೂ ಹಿಮವನ್ನು ಕಣ್ಣಾರೆ ಕಂಡಿಲ್ಲವಂತೆ. ಅವನ ತಾಯಿಗೆ ಇವತ್ತು ಫೋನ್ ಮಾಡಿದ್ದೇನೆ. ಬರುವ ಶನಿವಾರ ಸಂಜೆ ಐದಕ್ಕೆ ಅವನು ನಮ್ಮ ಮನೆಗೆ ಬರುತ್ತಾನೆ. ಚಿತ್ರ ಇರುವುದು 76 ನಿಮಿಷ. ನಿಂತಲ್ಲಿಂದ ಮುಂದುವರಿಸುವುದಿಲ್ಲ, ಮೊದಲಿನಿಂದ ಹಾಕುತ್ತೇನೆ.