‘ಸುಮ್ನ ಬಂದ್ಬಿಡು’ ಅನ್ನೋ ಕಾಕಾಗಳಿಗೆ

ಮೊನ್ನೆ ರವಿವಾರ ರಿಂಗ್ ರೋಡಿನ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಬೀಗರ ಕಡೆಯ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತಿದ್ದ ಕಾಕಾ ಒಬ್ಬರು (ಹೆಸರು ಹೇಳಲ್ಲ, ಈ ಫ್ರೆಂಡ್ ಲಿಸ್ಟಿನಾಗೇ ಅದಾರ) ಫೋನು ಸ್ಪೀಕರಿಗೆ ಹಾಕಿ, ಯುಎಇಯ ಅಜ್ಮಾನಿನ ಶಾಲೆಯೊಂದರಲ್ಲಿ ಗಣಿತ ಕಲಿಸುವ ತಮ್ಮ ತಂಗಿಯ ಮಗಳಿಗೆ ಉಪದೇಶ ಮಾಡ್ಲತ್ತಿದ್ರು.

“ಏ ಬೇಟಿ, ರಾಜೀನಾಮಿ ಗೀಜೀನಾಮಿ ಏನೂ ಕೊಡಬ್ಯಾಡ. ರಜಾಕ್ಕ ಹೊಂಟೀನಂತ ಹೇಳು, ಹೈದ್ರಾಬಾದಿಗಿ ಇಳಿ, ಸುಮ್ನ ಮನಿಗಿ ಬಂದ್ಬಿಡು. ಅವರೇನು ಕಲಬುರಗಿ ತನಕ ಬಂದು ಹಿಡಕೊಂಡು ಹೋಗ್ತಾರೇನು?”

ಪಂಕ್ತಿಯಲ್ಲಿ ಕೂತವರೆಲ್ಲ ತಲೆಯಾಡಿಸಿದರು. ಒಬ್ಬರಂತೂ “ಖರೆ ಅದ, ಖರೆ ಅದ” ಅಂದರು. ನನ್ನ ಬಾಯಲ್ಲಿ ಹೋಳಿಗೆ ಇತ್ತು, ಇಲ್ಲದಿದ್ದರೆ ಅಲ್ಲೇ ಜಗಳ ಆಗ್ತಿತ್ತು. ಅಲ್ಲಿ ಆಗದ್ದನ್ನು ಇಲ್ಲಿ ಮಾಡ್ತಾ ಇದ್ದೀನಿ.

ಹುಡುಗಿಯ ಅವಸರಕ್ಕೆ ಕಾರಣ ಇದೆ. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಿನಲ್ಲಿ ಹೈಸ್ಕೂಲ್ ಮಾಸ್ತರಿಕೆಯ ಪಟ್ಟಿಯಲ್ಲಿ ಅವಳ ಹೆಸರು ಬಂದಿದೆ. ನಮ್ಮ ಕಡೆ ಸರ್ಕಾರಿ ನೌಕರಿ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದನ್ನು ಬಿಡು ಅಂತ ನಾನೂ ಹೇಳಲ್ಲ. ನನ್ನ ತಕರಾರು ಆ ‘ಸುಮ್ನ’ದ ಬಗ್ಗೆ ಮಾತ್ರ.

ನಾನು ಶಾರ್ಜಾದಲ್ಲಿ ಕೆಮಿಸ್ಟ್ರಿ ಕಲಿಸಿ ವಾಪಸ್ ಬಂದವಳು ಅಂತ ನಿಮಗೆಲ್ಲ ಗೊತ್ತು. ಯಾಕೆ ಬಿಟ್ಟೆ ಅಂತ ಕೇಳಿದವರಿಗೆಲ್ಲ ‘ಮಗಳ ಓದು’ ಅಂತ ಹೇಳಿಕೊಂಡು ಬಂದಿದ್ದೀನಿ. ಈಗ ಹೇಳೇಬಿಡ್ತೀನಿ, ಮಗಳ ಓದೂ ಅಲ್ಲ, ಮಣ್ಣೂ ಅಲ್ಲ. ಮಕ್ಕಳ ಎದುರಿಗೇ ಟೀಚರುಗಳನ್ನು ಬೈಯುವ ಒಬ್ಬ ಕೋಆರ್ಡಿನೇಟರ್ ಇದ್ದಳು. ಬೆಳಿಗ್ಗೆ ಸ್ಕೂಲ್ ಬಸ್ಸಿನ ಹಾರ್ನ್ ಕೇಳಿದರೆ ನನಗೆ ಕೈ ನಡುಗೋದು. ರಾತ್ರಿ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಹೈದರಾಬಾದಿನ ಟಿಕೆಟ್ ರೇಟ್ ನೋಡ್ತಾ ಇರ್ತಿದ್ದೆ. ಓಡಿ ಬರಬೇಕು ಅನ್ನೋ ಆಸೆ ಏನು ಅಂತ ಕಾಕಾಗಿಂತ ನನಗೇ ಚೆನ್ನಾಗಿ ಗೊತ್ತು. ಆದರೂ ಓಡಲಿಲ್ಲ. ಧೈರ್ಯಕ್ಕಲ್ಲ, ಲೆಕ್ಕಕ್ಕೆ.

ಲೆಕ್ಕ ಇಷ್ಟೇ ನೋಡ್ರಿ. ಅಲ್ಲಿ ನಿಮ್ಮ ವೀಸಾ ಶಾಲೆಯ ಹೆಸರಿಗೆ ಕಟ್ಟಿಹಾಕಿದ್ದು. ಶಾಲೆ ಬಿಟ್ಟಿರಿ ಅಂದರೆ ನೌಕರಿ ಒಂದೇ ಹೋಗಲ್ಲ. ಅಲ್ಲಿ ಇರುವ ಹಕ್ಕು, ಮನೆ ಬಾಡಿಗೆ, ಬ್ಯಾಂಕ್ ಖಾತೆ, ನಿಮ್ಮ ವೀಸಾದ ಮೇಲಿರುವ ಗಂಡ-ಮಕ್ಕಳ ವೀಸಾ, ಎಲ್ಲ ಒಂದರ ಹಿಂದೆ ಒಂದು ಬಿಚ್ಚಿಕೊಳ್ತವೆ. ಬಿಚ್ಚುವುದಕ್ಕೂ ಕ್ರಮ ಇದೆ. ನನ್ನ ಗಂಡ, ಮಗಳು ಇಬ್ಬರೂ ನನ್ನ ವೀಸಾದಲ್ಲೇ ಇದ್ದರು. (‘ಹೆಂಡ್ತಿ ವೀಸಾ ಮ್ಯಾಲ ಇದ್ದಂವ’ ಅಂತ ಊರಲ್ಲಿ ಅವರನ್ನು ಛೇಡಿಸಿದವರಲ್ಲಿ ಈ ಕಾಕಾನೂ ಒಬ್ಬರು. ಮರೆತಿಲ್ಲ.) ಮೊದಲು ಅವರದು ರದ್ದಾಗಬೇಕು, ಆಮೇಲೆ ನನ್ನದು. ಕಾಕಾ ಹೇಳಿದಂತೆ ನಾನು ಸುಮ್ನ ಬಂದಿದ್ದರೆ ಮೂರು ವೀಸಾ ಅಲ್ಲೇ ನೇತಾಡ್ತಿದ್ದವು.

‘ಆರು ತಿಂಗಳು ಹೊರಗಿದ್ರ ವೀಸಾ ತಾನೇ ಸಾಯ್ತದ’ ಅನ್ನೋದು ಈ ಪಂಥದವರ ಮಂತ್ರ. ಅರ್ಧ ಖರೆ. ಯುಎಇಯಿಂದ ಸತತ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯ ರೆಸಿಡೆನ್ಸ್ ವೀಸಾ ನಡೆಯಲ್ಲ. ಆದರೆ ಸತ್ತದ್ದು ವೀಸಾ, ಕಡತ ಅಲ್ಲ. ರಜೆ ಮುಗಿದು ನೀವು ಹಾಜರಾಗದಿದ್ದರೆ ಶಾಲೆಯವರು ಪರಾರಿ ಅಂತ ದೂರು ಕೊಡ್ತಾರೆ. ಸತತ ಏಳು ದಿನಕ್ಕಿಂತ ಹೆಚ್ಚು ಕಾರಣವಿಲ್ಲದೆ ಗೈರಾದರೆ ನೋಟಿಸಿಲ್ಲದೆ ತೆಗೆಯುವ ಅಧಿಕಾರ ಅಲ್ಲಿನ ಕಾನೂನಿನಲ್ಲೇ ಇದೆ. ಹೀಗೆ ಬಿಟ್ಟುಹೋದವರಿಗೆ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಇಲ್ಲ. ‘ನಮಗ ಮತ್ತ ಅಲ್ಲಿಗಿ ಹೋಗೋದಿಲ್ಲಲ್ಲ’ ಅಂತೀರಿ. ನಾಳೆ ಗಂಡನಾಗುವವನಿಗೆ ದುಬೈನಲ್ಲಿ ಕೆಲಸ ಸಿಕ್ಕರೆ? ಬೇರೆ ದೇಶದ ಶಾಲೆಯೊಂದು ನೀವು ಹಿಂದೆ ಇದ್ದ ದೇಶದ ಪೊಲೀಸ್ ಕ್ಲಿಯರೆನ್ಸ್ ತನ್ನಿ ಅಂದರೆ? ಅವತ್ತು ಕಾಕಾನ ಲೆಟರ್ ಹೆಡ್ಡಿನಲ್ಲಿ ಬರೆಸಿಕೊಂಡು ಹೋಗೋದೇನು?

ನನ್ನ ಸಿಟ್ಟು ಹೆಚ್ಚಾಗುವುದು ಎಲ್ಲಿ ಗೊತ್ತೇನು? ಓಡುವ ಅಗತ್ಯವೇ ಇಲ್ಲದ ಕಡೆ ಓಡು ಅಂತಾರಲ್ಲ, ಅಲ್ಲಿ.

ಯುಎಇಯ ಈಗಿನ ಕಾರ್ಮಿಕ ಕಾನೂನು 2021ರದು, 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೋಟಿಸ್ ಅವಧಿ ಕನಿಷ್ಠ 30 ದಿನ, ಗರಿಷ್ಠ 90 ದಿನ; ನಿಮ್ಮ ಕರಾರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟು. ಪ್ರೊಬೇಷನ್‌ನಲ್ಲೇ ಬಿಟ್ಟು ದೇಶಕ್ಕೆ ಮರಳುವವರಿಗಂತೂ 14 ದಿನದ ನೋಟಿಸ್ ಸಾಕು. ನೋಟಿಸ್ ಪೂರ್ತಿ ಮಾಡಲು ಆಗಲ್ಲವೇ? ಉಳಿದ ದಿನಗಳ ಸಂಬಳದಷ್ಟು ದುಡ್ಡು ಕಟ್ಟಿಕೊಟ್ಟು ಲೆಕ್ಕ ಮುಗಿಸಬಹುದು. ಶಾಲೆಯವರೇ ಒಪ್ಪಿದರೆ ಅವಧಿ ಕಡಿಮೆಯೂ ಆಗ್ತದೆ; ಪರೀಕ್ಷೆ ಮುಗಿಯುವ ಹೊತ್ತಿಗೆ ಬಿಡ್ತೀನಿ, ಪೋರ್ಷನ್ ಮುಗಿಸಿ ಕೊಡ್ತೀನಿ ಅಂದರೆ ಬಹಳ ಪ್ರಿನ್ಸಿಪಾಲರು ಮೆತ್ತಗಾಗ್ತಾರೆ, ಯಾಕಂದರೆ ಅವರ ದೊಡ್ಡ ತಲೆನೋವು ವರ್ಷದ ನಡುವೆ ಗಣಿತಕ್ಕೆ ಟೀಚರ್ ಹುಡುಕುವುದು. ಬಾಗಿಲು ತೆರೆದಿದ್ದಾಗ ಗೋಡೆ ಹಾರು ಅಂತ ಹೇಳಿಕೊಡೋದು ಎಂಥಾ ಹಿರಿತನ ಕಾಕಾ?

ಇನ್ನು ದುಡ್ಡಿನ ಮಾತು. ಒಂದು ವರ್ಷ ಪೂರೈಸಿದವರಿಗೆ ಗ್ರಾಚುಯಿಟಿ ಇದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ನೀವೇ ರಾಜೀನಾಮೆ ಕೊಟ್ಟರೂ ಸಿಗ್ತದೆ. ಬೇಸಿಕ್ ಅಂದೆ ನೋಡಿ, ಒಟ್ಟು ಸಂಬಳ ಅಲ್ಲ. ಶಾಲೆಗಳು ಬೇಸಿಕ್ ಸಣ್ಣದಿಟ್ಟು ಉಳಿದದ್ದನ್ನು ಮನೆ, ಬಸ್ಸು ಅಂತ ತೋರಿಸುವುದು ಇದಕ್ಕೇ. ಎಲ್ಲ ಬಾಕಿಯನ್ನೂ ಕರಾರು ಮುಗಿದ 14 ದಿನದೊಳಗೆ ಕೊಡಬೇಕು. ರಜೆಗೆ ಅಂತ ಬಂದು ಕಲಬುರಗಿಯಲ್ಲಿ ತಹರಿ ತಿಂದುಕೊಂಡು ಕೂತವರು ಇದನ್ನು ಕೇಳಿ ಪಡೆಯುವುದು ಹೇಗೆ?

ನನಗೂ ಸಲೀಸಾಗಿ ಬಂದಿಲ್ಲ ಮತ್ತೆ. ವೀಸಾ ರದ್ದತಿಯ ಫಾರ್ಮಿನಲ್ಲಿ ‘ನನ್ನ ಎಲ್ಲ ಬಾಕಿ ತಲುಪಿದೆ’ ಅಂತ ಮೊದಲೇ ಅಚ್ಚಾಗಿರ್ತದೆ. ಎಚ್‌ಆರ್‌ನವನು ನಗುನಗುತ್ತಾ ಪೆನ್ನು ಚಾಚಿದ, “ಫಾರ್ಮಾಲಿಟಿ ಮ್ಯಾಡಮ್” ಅಂದ. ನಾನು ಮೊಬೈಲ್ ಮೇಜಿನ ಮೇಲಿಟ್ಟು, ಬ್ಯಾಂಕಿನ ಮೆಸೇಜ್ ಬಂದ ಮೇಲೆ ಸೈನ್ ಮಾಡ್ತೀನಿ ಅಂದೆ. ಅವನ ನಗು ಹೋಯ್ತು. ನಾನು ಕುರ್ಚಿ ಬಿಡಲಿಲ್ಲ, ಚಹಾ ಕೂಡ ಕೇಳಿ ತರಿಸಿಕೊಂಡೆ. ಮೆಸೇಜ್ ಬಂತು, ಸೈನ್ ಮಾಡಿದೆ. ನನ್ನ ಸರ್ವಿಸಿನಲ್ಲಿ ಇಷ್ಟು ಖುಷಿಯಿಂದ ಇನ್ನೊಂದು ಸೈನ್ ಮಾಡಿಲ್ಲ.

ಈಗ ಕಾಕಾನ ಪರ ವಕಾಲತ್ತು ಮಾಡುವವರು ಬರ್ತಾರೆ. ಆ ಶಾಲೆಗಳೇನು ಸಾಚಾನಾ? ಪಾಸ್‌ಪೋರ್ಟ್ ಇಟ್ಕೊಳ್ತಾರೆ, ಒಂದು ಸಂಬಳ ಹೇಳಿ ಇನ್ನೊಂದು ಕೊಡ್ತಾರೆ, ವೀಸಾ ಖರ್ಚು ಟೀಚರಿನಿಂದ ಮುರಿದುಕೊಳ್ತಾರೆ, ಅಂಥವರ ಜೊತೆ ನಾವ್ಯಾಕೆ ಸತ್ಯ ಹರಿಶ್ಚಂದ್ರ ಆಗಬೇಕು? ಒಪ್ಪಿದೆ, ಅಂಥ ಶಾಲೆಗಳಿವೆ. ಒಂದರಲ್ಲಿ ನಾನೇ ಇದ್ದೆ. ಅದಕ್ಕೇ ಹೇಳ್ತಿರೋದು, ಕಳ್ಳನ ಜೊತೆ ವ್ಯವಹಾರ ಮಾಡುವಾಗ ಕಾಗದ ಇನ್ನೂ ಗಟ್ಟಿ ಇರಬೇಕೋ, ಇರಲೇಬಾರದೋ? ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬಾಹಿರ. ವೀಸಾ, ನೇಮಕಾತಿ ಖರ್ಚನ್ನು ನಿಮ್ಮಿಂದ ವಸೂಲು ಮಾಡುವುದೂ ಹಾಗೇ. ಕೇಳಿದರೆ ಅನುಭವ ಪತ್ರ ಪುಕ್ಕಟೆ ಕೊಡಲೇಬೇಕು. ಕೊಡದಿದ್ದರೆ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದ ಆ್ಯಪ್‌ನಲ್ಲೇ ದೂರು ಕೊಡಬಹುದು. 2024ರ ಜನವರಿಯಿಂದ 50,000 ದಿರ್ಹಮ್‌ ಒಳಗಿನ ತಕರಾರನ್ನು ಸಚಿವಾಲಯವೇ ತೀರ್ಮಾನ ಮಾಡ್ತದೆ. ಇಷ್ಟೆಲ್ಲ ನಿಮ್ಮ ಕಡೆ ಇದ್ದಾಗ ಓಡಿಬಂದರೆ ಆ ಕಳ್ಳಶಾಲೆ ಸಾಹುಕಾರ ಆಗ್ತದೆ, ನೀವು ಪರಾರಿ ಆಗ್ತೀರಿ. ಅವರಿಗೆ ಬೇಕಾದದ್ದೂ ಅದೇ.

“ಹಿಡಕೊಂಡು ಹೋಗ್ತಾರೇನು” ಅಂದರಲ್ಲ. ಇಲ್ಲ ಕಾಕಾ, ಹಿಡಕೊಂಡು ಹೋಗಲ್ಲ. ಆದರೆ ಆ ಹುಡುಗಿ ಅಲ್ಲಿ ಕಾರಿಗೋ ತಮ್ಮನ ಇಂಜಿನಿಯರಿಂಗಿಗೋ ಸಾಲ ತೆಗೆದಿದ್ದರೆ? ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ? 2020ರ ಜನವರಿಯಲ್ಲಿ ನಮ್ಮ ಕೇಂದ್ರ ಸರ್ಕಾರವೇ ಸಿವಿಲ್ ಪ್ರೊಸೀಜರ್ ಕೋಡಿನ 44ಎ ಕಲಮಿನ ಅಡಿ ಯುಎಇಯನ್ನು ಅಧಿಸೂಚಿಸಿದೆ. ಅಂದರೆ ಅಲ್ಲಿನ ಕೋರ್ಟು ಸಿವಿಲ್ ದಾವೆಯಲ್ಲಿ ಕೊಟ್ಟ ಹಣದ ಡಿಕ್ರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಇಲ್ಲಿನ ಜಿಲ್ಲಾ ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ದುಬೈ, ಶಾರ್ಜಾ, ಅಜ್ಮಾನ್ ಎಲ್ಲ ಕೋರ್ಟುಗಳೂ ಆ ಪಟ್ಟಿಯಲ್ಲಿವೆ. ಬ್ಯಾಂಕಿನವರು ಕಲಬುರಗಿ ತನಕ ಬರಬೇಕಾಗಿಲ್ಲ, ವಕೀಲರನ್ನು ಕಳಿಸಿದರೆ ಸಾಕು. ಮದುವೆ ಊಟದಲ್ಲಿ ಇದನ್ನು ಯಾರೂ ಹೇಳಲ್ಲ.

ಕಾಕಾನ ಜ್ಞಾನ ಎಲ್ಲಿಂದ ಬಂತು ಅಂತ ಆಮೇಲೆ ವಿಚಾರಿಸಿದೆ. ಅವರ ಸಡ್ಡಕ ತೊಂಬತ್ತರ ದಶಕದಲ್ಲಿ ಸೌದಿಯಲ್ಲಿ ಗಾಡಿ ಹೊಡೀತಿದ್ದರಂತೆ, ಕಫೀಲನ (ವೀಸಾ ಕೊಟ್ಟ ಮಾಲೀಕನ) ಕೈಯಿಂದ ತಪ್ಪಿಸಿಕೊಂಡು ಬಂದಿದ್ದರಂತೆ. ಆ ಮನುಷ್ಯನ ಕಷ್ಟ ಕಷ್ಟವೇ, ನಗುವ ಮಾತಲ್ಲ. ಆದರೆ ಅದೇ ಸೌದಿಯಲ್ಲಿ 2021ರ ಮಾರ್ಚ್ 14ರಿಂದ ಖಾಸಗಿ ಕಂಪನಿಯ ನೌಕರರು ಫೈನಲ್ ಎಕ್ಸಿಟ್‌ಗೆ, ಅಂದರೆ ಕೆಲಸ ಮುಗಿಸಿ ದೇಶ ಬಿಡುವ ಪರವಾನಗಿಗೆ, ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಕತಾರಿನಲ್ಲಿ ಕೆಲಸ ಬದಲಿಸಲು ಬೇಕಿದ್ದ ಹಳೇ ಮಾಲೀಕರ ಎನ್‌ಒಸಿ (ಒಪ್ಪಿಗೆ ಪತ್ರ) 2020ರಲ್ಲೇ ಹೋಯ್ತು, ಒಮಾನಿನಲ್ಲಿ 2021ರ ಜನವರಿಯಿಂದ. ಉಲ್ಟಾ, ಕುವೈತಿನಲ್ಲಿ 2025ರ ಜುಲೈ 1ರಿಂದ ಖಾಸಗಿ ನೌಕರರು ದೇಶ ಬಿಟ್ಟು ಹೊರಡಲು ಮಾಲೀಕರ ಒಪ್ಪಿಗೆಯ ಪರವಾನಗಿ ಬೇಕು. ಅಲ್ಲಿ ರಜೆಗೆ ಹೊರಡುವುದಕ್ಕೇ ಅವರ ಕೈ ಬೇಕು. ಸಡ್ಡಕನ ಕಾಲದ ಕಥೆಯನ್ನು ಹಿಡಿದು ಇವತ್ತಿನ ಅಜ್ಮಾನಿನ ಹುಡುಗಿಗೆ ದಾರಿ ತೋರಿಸಲು ಹೊರಟವರಿಗೆ ಏನನ್ನಬೇಕು?

ಇನ್ನೊಂದು ಸಂಕಟ. ಹತ್ತನೇ ಕ್ಲಾಸೂ ಪಾಸಾಗದೆ ಕೂಲಿಗೆ ಹೋಗುವವರಿಗೆ ನಮ್ಮ ಸರ್ಕಾರ ಎಮಿಗ್ರೇಷನ್ ಚೆಕ್ ಅಂತ ಇಟ್ಟಿದೆ, ಅವರ ಕರಾರನ್ನು ಒಬ್ಬ ಅಧಿಕಾರಿಯಾದರೂ ನೋಡ್ತಾನೆ. ಬಿಎಡ್, ಎಂಎಸ್ಸಿ ಮಾಡಿದ ನಮ್ಮ ಹುಡುಗಿಯರ ಪಾಸ್‌ಪೋರ್ಟಿಗೆ ಅದು ಬೇಡ. ಹಾಗಾಗಿ ಅವರ ಕರಾರನ್ನು ಯಾರೂ ಓದಲ್ಲ. ಅವರೂ ಓದಲ್ಲ! ಹೋಗುವಾಗ ಡಿಗ್ರಿ ಸರ್ಟಿಫಿಕೇಟಿಗೆ ಬೆಂಗಳೂರಿನ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಎಂಬೆಸಿಯ ಮುದ್ರೆ ಅಂತ ಚಪ್ಪಲಿ ಸವೆಸ್ತಾರೆ, ಬರುವಾಗ ಮಾತ್ರ ಒಂದು ರಾಜೀನಾಮೆ ಪತ್ರಕ್ಕೂ ಬರಗಾಲ.

ಅಂದಹಾಗೆ ಹುಡುಗಿ ರಾತ್ರಿ ನನಗೇ ಫೋನ್ ಮಾಡಿದಳು. “ಅಕ್ಕಾ, ಮಾಮ ಹಿಂಗ ಅನ್ಲತ್ತಾರ, ನಾ ಏನ್ ಮಾಡ್ಲಿ?” ಅಂದಳು. ದನಿ ಸಣ್ಣಗಿತ್ತು. ಮೊದಲು ಕರಾರು ತೆಗಿ ಅಂದೆ. ನೋಟಿಸ್ ಎರಡು ತಿಂಗಳು. ಸಾಲ ಇಲ್ಲ, ಒಂದು ಕ್ರೆಡಿಟ್ ಕಾರ್ಡ್ ಇದೆ. ಕಾರ್ಡಿನ ಬಾಕಿ ಕಟ್ಟಿ ಬಂದ್ ಮಾಡಿಸಿ ಬ್ಯಾಂಕಿನಿಂದ ಕಾಗದ ತಗೋ, ಕರೆಂಟಿನ ಡಿಪಾಸಿಟ್ ವಾಪಸ್ ಕೇಳು, ರಾಜೀನಾಮೆ ಇಮೇಲಿನಲ್ಲೇ ಕಳಿಸು, ಬಾಯಲ್ಲಿ ಹೇಳಬೇಡ ಅಂದೆ. ವೀಸಾ ರದ್ದಾದ ಕಾಗದದ ಮೇಲೆ ದೇಶ ಬಿಡುವ ಗಡುವು ಇರ್ತದೆ, ಅದು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ, ಅದಕ್ಕೇ ಟಿಕೆಟ್ ಗಡುವಿನ ಒಳಗೇ ಇರಲಿ ಅಂದೆ. ಎಲ್ಲ ಬರೆದುಕೊಂಡಳು. ಗಣಿತದ ಟೀಚರಲ್ಲವೇ, ಕೊನೆಗೆ ನನಗೇ ತಿರುಗಿ ಗ್ರಾಚುಯಿಟಿಯ ಲೆಕ್ಕ ಹೇಳಿದಳು. ರಾಜೀನಾಮೆ ಅವತ್ತೇ ಹೋಯಿತು.

ಉಳಿದಿದ್ದು ಈ ಕಡೆಯ ತಾರೀಖು. ಇಲ್ಲಿ ನೇಮಕಾತಿ ಆದೇಶ ಇನ್ನೂ ಕೈಗೆ ಬಂದಿಲ್ಲ. ಪ್ರಮಾಣಪತ್ರಗಳ ಸಿಂಧುತ್ವ, ಪೊಲೀಸ್ ವೆರಿಫಿಕೇಶನ್, ಕೌನ್ಸೆಲಿಂಗ್ ಎಲ್ಲ ಬಾಕಿ. ಆ ಗಾಡಿ ಎಷ್ಟು ಜೋರಾಗಿ ಓಡ್ತದೆ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ, ಅವಳ ಎರಡು ತಿಂಗಳು ಮುಗಿದು ಇನ್ನೂ ಟೈಮ್ ಉಳಿದೀತು. ಆದರೂ ಆದೇಶ ಬೇಗ ಬಂದುಬಿಟ್ಟರೆ ಅಂತ ಹಾಜರಾಗುವ ಗಡುವು ವಿಸ್ತರಿಸಲು ಕೋರುವ ಅರ್ಜಿ ಸಿದ್ಧ ಇಟ್ಟುಕೋ ಅಂದಿದ್ದೀನಿ. ಕಲಬುರಗಿ, ಬೀದರ, ಯಾದಗಿರಿ ಕಡೆ ಯಾರಾದರೂ ಇತ್ತೀಚೆಗೆ ಇಂಥ ಅರ್ಜಿ ಕೊಟ್ಟವರಿದ್ದರೆ ಅದರ ನಕಲು ನನಗೆ ಇನ್‌ಬಾಕ್ಸ್ ಮಾಡ್ರಿ. ಕನ್ನಡದಲ್ಲೇ ಇರಲಿ. ನಿಮ್ಮ ಹೆಸರು, ವಿಳಾಸ ಅಳಿಸಿ ಕಳಿಸಿದರೂ ನಡೀತದ.