ಸಮೀಕ್ಷೆ ನೋಡಿ ಅಧ್ಯಕ್ಷ ಅಭ್ಯರ್ಥಿ ನಿಲುವು ಬದಲಿಸುತ್ತಾರಾ?

ಪರ: ಅಂಕಿ ಬಂತು, ಮಾತು ತಿರುಗಿತು
(ಬದಿಯಡ್ಕದ ನಿವೃತ್ತ ಬ್ಯಾಂಕ್ ನೌಕರರೊಬ್ಬರು)

ನಮ್ಮ ರಾಷ್ಟ್ರಪತಿಯನ್ನು ಸಂಸದರು, ಶಾಸಕರು ಆರಿಸುತ್ತಾರೆ. ಅಲ್ಲಿ ನಿಮ್ಮನ್ನೂ ನನ್ನನ್ನೂ ಕೇಳುವವರಿಲ್ಲ. ಅಮೆರಿಕದ್ದು ಹಾಗಲ್ಲ. ಜನರ ವೋಟು ರಾಜ್ಯವಾರು ಲೆಕ್ಕವಾಗಿ, ರಾಜ್ಯಗಳಿಗೆ ಹಂಚಿದ ಒಟ್ಟು 538 ವೋಟುಗಳಲ್ಲಿ 270 ಕೈಗೆ ಬಂದವರು ಗೆದ್ದರು. ಹೆಚ್ಚಿನ ರಾಜ್ಯಗಳು ಯಾರ ಕಡೆ ಎಂದು ಮೊದಲೇ ಗೊತ್ತು. ಉಳಿದ ಕೆಲವೇ ರಾಜ್ಯಗಳ ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಸಮೀಕ್ಷೆ ಬಿಟ್ಟರೆ ಬೇರೆ ದಾರಿ ಯಾವುದು? ತಿಳಿದ ಮೇಲೆ ಸುಮ್ನೆ ಕೂರುವವರು ಚುನಾವಣೆಗೆ ಯಾಕೆ ನಿಲ್ಲುತ್ತಾರೆ?

ಕಮಲಾ ಹ್ಯಾರಿಸ್ 2019ರಲ್ಲಿ ಫ್ರ್ಯಾಕಿಂಗ್ ನಿಷೇಧವಾಗಬೇಕು ಎಂದಿದ್ದರು. ನೆಲದಡಿಯ ಬಂಡೆ ಸೀಳಿ ಅನಿಲ ತೆಗೆಯುವ ಕೆಲಸ ಅದು. 2024ರಲ್ಲಿ, ನಿಷೇಧ ಮಾಡುವುದಿಲ್ಲ ಎಂದರು. ನಡುವೆ ಬಂಡೆಯೇನೂ ಬದಲಾಗಿರಲಿಲ್ಲ. ಅನಿಲದ ದುಡಿಮೆ ಇರುವ ಪೆನ್ಸಿಲ್ವೇನಿಯ ಕೈ ತಪ್ಪಬಾರದಿತ್ತು, ಅಷ್ಟೇ. ಆ 538ರಲ್ಲಿ 19 ವೋಟು ಅಲ್ಲಿಯದ್ದು.

ಒಬಾಮ 2008ರಲ್ಲಿ ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದ್ದು ಎನ್ನುತ್ತಿದ್ದರು. 2011ರ ಗ್ಯಾಲಪ್ ಸಮೀಕ್ಷೆಯಲ್ಲಿ ಸಲಿಂಗ ಮದುವೆಗೆ ಒಪ್ಪುವವರು ಮೊದಲ ಬಾರಿ ಅರ್ಧ ದಾಟಿ 53 ಶೇಕಡಾ ಆದರು. ಮರುವರ್ಷ ಮೇ ತಿಂಗಳಲ್ಲಿ ಒಬಾಮರೂ ಒಪ್ಪಿದರು. ಮನಸ್ಸು ನಿಧಾನಕ್ಕೆ ಬದಲಾಯಿತು ಎಂದರು. ಅಂಕಿ ಬದಲಾದ ಮೇಲೆಯೇ ಯಾಕೆ ಬದಲಾಯಿತು ಎಂದು ನಾನು ಕೇಳುತ್ತೇನೆ.

ಟ್ರಂಪ್ ಮೊಂಡ, ಯಾರ ಮಾತೂ ಕೇಳುವುದಿಲ್ಲ ಅಂತಾರೆ. 20 ವಾರದ ನಂತರದ ಗರ್ಭಪಾತಕ್ಕೆ ದೇಶವಿಡೀ ನಿಷೇಧ ತನ್ನಿ ಎಂದು 2018ರಲ್ಲಿ ಸೆನೆಟ್‌ಗೆ ಹೇಳಿದವರು ಅವರೇ. 2022ರಲ್ಲಿ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕನ್ನು ತೆಗೆದುಹಾಕಿತು. ಹಕ್ಕು ಇರಬೇಕು ಎನ್ನುವವರೇ ಜಾಸ್ತಿ ಎಂದು ಸಮೀಕ್ಷೆಗಳು ಒಂದರ ಹಿಂದೆ ಒಂದು ಹೇಳಿದವು. 2024ರ ಅಕ್ಟೋಬರಿನಲ್ಲಿ ಅದೇ ಟ್ರಂಪ್, ದೇಶವಿಡೀ ನಿಷೇಧದ ಮಸೂದೆ ಬಂದರೆ ತಡೆಯುತ್ತೇನೆ ಎಂದರು. ಮೊಂಡನಿಗೂ ಲೆಕ್ಕ ಬರುತ್ತದೆ. ಇನ್ನು ಬಿಲ್ ಕ್ಲಿಂಟನ್ ಬಗ್ಗೆ ಹೇಳುವುದೇ ಬೇಡ. ರಜೆಯಲ್ಲಿ ಎಲ್ಲಿಗೆ ಹೋದರೆ ಜನರಿಗೆ ಹಿಡಿಸುತ್ತದೆ ಎಂದು ಅವರ ಸಲಹೆಗಾರ ಡಿಕ್ ಮಾರಿಸ್ ಸಮೀಕ್ಷೆ ಮಾಡಿಸಿದ್ದರು.

ಅಷ್ಟು ದೂರ ಯಾಕೆ? ಸಮೀಕ್ಷೆ ಎಂಬ ಹೆಸರಿಲ್ಲದೆ ನಮ್ಮಲ್ಲೂ ಇದೇ ನಡೆಯುತ್ತದೆ. ಕಾರ್ಯಕರ್ತರು ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಬರುತ್ತಾರೆ. ನಮ್ಮವರು ಎಂದಾದರೆ ಹೆಸರಿನ ಎದುರು ಸರಿ ಗುರುತು, ಅವರ ಕಡೆಯವರಾದರೆ ಗೀಟು, ಗೊತ್ತಾಗದಿದ್ದರೆ ಪ್ರಶ್ನೆ ಚಿಹ್ನೆ. ಒಂದು ಪಂಚಾಯತ್ ಚುನಾವಣೆಯಲ್ಲಿ ನಮ್ಮ ವಾರ್ಡಿನ ಅಭ್ಯರ್ಥಿ, ಪ್ಲಾಸ್ಟಿಕ್ ಕಸ ಇಡುವ ಶೆಡ್ಡನ್ನು ಮೈದಾನದ ಪಕ್ಕ ಕಟ್ಟಿಸಿಯೇ ಸಿದ್ಧ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಒಂದು ಸಂಜೆ ಪಟ್ಟಿ ವಾಪಸ್ ಬಂತು. ಮೈದಾನದ ಸುತ್ತಲಿನ ಮನೆಗಳ ಪುಟದ ತುಂಬ ಪ್ರಶ್ನೆ ಚಿಹ್ನೆ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಅವರು ಪುಟ ಮಗುಚಿದರು, ತಿರುಗಿ ಮೊದಲಿಂದ ನೋಡಿದರು, ಏನೂ ಹೇಳಲಿಲ್ಲ. ಮರುದಿನ ಪೇಟೆಯ ಭಾಷಣದಲ್ಲಿ, ‘ಮಕ್ಕಳು ಆಡುವ ಜಾಗದ ಹತ್ತಿರ ಕಸ ಬೇಡ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ’ ಎಂದರು. ಎಲ್ಲರಿಗಿಂತ ಜೋರು ಚಪ್ಪಾಳೆ ಹಿಂದಿನ ದಿನ ಪಟ್ಟಿ ತಂದ ಹುಡುಗನದ್ದು. ಸುಮ್ಮನೆ ನಗಬೇಡಿ. 2016ರಲ್ಲಿ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು ಬರೀ 89 ಮತಗಳಲ್ಲಿ. ಒಂದು ಮೈದಾನದ ಸುತ್ತಲೇ ಅಷ್ಟು ಮತ ಸಿಗುತ್ತದೆ.

ನಾಯಕ ಜನರನ್ನು ಒಪ್ಪಿಸಬೇಕು, ಜನ ಹೇಳಿದಂತೆ ಕುಣಿಯಬಾರದು ಎಂದು ವಿರೋಧ ಬರೆಯುವವರು ಹೇಳಬಹುದು. ಅವರ ಪ್ರಕಾರ ಅಭ್ಯರ್ಥಿಗಳೆಲ್ಲ ಸತ್ಯಹರಿಶ್ಚಂದ್ರರು, ಹೆಂಡತಿ ಮಕ್ಕಳನ್ನು ಮಾರಿಯಾದರೂ ಪ್ರಣಾಳಿಕೆ ಉಳಿಸಿಕೊಳ್ಳುತ್ತಾರೆ! ಅಂಥವರು ಯಾರಾದರೂ ಕಂಡರೆ ನನಗೂ ತೋರಿಸಿ.

ವಿರೋಧ: ಸಮೀಕ್ಷೆಗೆ ಅಷ್ಟೊಂದು ಶಕ್ತಿ ಇಲ್ಲ
(ಪೆರ್ಲದ ಕೃಷಿಕ ಮಹಿಳೆಯೊಬ್ಬರು)

ಪರ ಬರೆಯಲು ಬೇಕಾದಷ್ಟು ಜನ ಇದ್ದಾರಂತೆ. ವಿರೋಧಕ್ಕೆ ಯಾರೂ ಸಿಗಲಿಲ್ಲ, ನೀವೇ ಬರೆಯಿರಿ ಎಂದು ಸಂಪಾದಕರು ಫೋನ್ ಮಾಡಿದರು. ಆಯ್ತು, ಬರೆಯುತ್ತೇನೆ.

ಅಮೆರಿಕದ ಅಯೋವ ರಾಜ್ಯದಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಆ ಜೋಳದಿಂದ ಮಾಡಿದ ಎಥೆನಾಲ್ ಅನ್ನು ಪೆಟ್ರೋಲಿಗೆ ಸೇರಿಸಲೇಬೇಕು ಎಂಬ ನಿಯಮ ಅಲ್ಲಿನವರಿಗೆ ಪ್ರಾಣ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಿದ್ದ ಟೆಡ್ ಕ್ರೂಜ್ ಅಲ್ಲಿಗೇ ಹೋಗಿ ಆ ನಿಯಮ ಬೇಡ ಎಂದರು. ಅವರ ಪಕ್ಷದವರೇ ಆದ ಗವರ್ನರ್, ಇವರನ್ನು ಸೋಲಿಸಿ ಎಂದು ಕರೆ ಕೊಟ್ಟರು. ಅಭ್ಯರ್ಥಿಯನ್ನು ಆರಿಸುವ ಪಕ್ಷದ ಮತದಾನದಲ್ಲಿ ಅಯೋವದಲ್ಲಿ ಗೆದ್ದವರು ಕ್ರೂಜ್ ಅವರೇ. ಬಂದೂಕಿನ ವಿಷಯವೂ ಹಾಗೆಯೇ. ಕೊಳ್ಳುವವರ ಹಿನ್ನೆಲೆಯನ್ನು ಎಲ್ಲ ಕಡೆ ತನಿಖೆ ಮಾಡಬೇಕು ಎನ್ನುವವರು ಸಮೀಕ್ಷೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ. ಆ ತನಿಖೆಯನ್ನು ವಿಸ್ತರಿಸುವುದು ಬೇಡ ಎಂದೇ ಟ್ರಂಪ್ 2016ರ ಚುನಾವಣೆಗೆ ಹೋದರು, ಗೆದ್ದರು. ಹತ್ತರಲ್ಲಿ ಒಂಬತ್ತು ಮಂದಿಗಿಂತ ಬಂದೂಕಿನ ಸಂಘಗಳ ಗಟ್ಟಿ ವೋಟು ಮತ್ತು ದುಡ್ಡು ಭಾರ.

ಒಬಾಮ, ಕ್ಲಿಂಟನ್ ಕಥೆಗಳನ್ನು ಆ ಕಡೆಯವರು ಎತ್ತಿಯೇ ಎತ್ತುತ್ತಾರೆ. ಎತ್ತಲಿ. ಹಳೆಯ ವಿಷಯ.

ಸಮೀಕ್ಷೆ ಎಂದರೆ ಏನು ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಚುನಾವಣೆ ಸಮಯ ಟ್ಯಾಬ್ ಹಿಡಿದುಕೊಂಡು ಒಬ್ಬ ಹುಡುಗ ನಮ್ಮ ಅಂಗಳಕ್ಕೆ ಬಂದ. ಉರಿ ಬಿಸಿಲು. ಅತ್ತೆ ಅವನನ್ನು ಜಗಲಿಯಲ್ಲಿ ಕೂರಿಸಿದರು, ನಾನು ಬೊಂಡ ಕೆತ್ತಿ ಕೊಟ್ಟೆ. ‘ಅಮ್ಮ, ನಿಮಗೆ ಯಾವ ಸಮಸ್ಯೆ ಮುಖ್ಯ?’ ಎಂದು ಕೇಳಿದ. ‘ಎಲೆಚುಕ್ಕಿ ರೋಗ ಮಗಾ. ತೋಟ ಇಡೀ ಹೋಯ್ತು. ಮದ್ದು ಬಿಡಲಿಕ್ಕೂ ಜನ ಸಿಗುವುದಿಲ್ಲ’ ಎಂದರು ಅತ್ತೆ. ಅವನು ಟ್ಯಾಬಿನಲ್ಲಿ ಹುಡುಕಿದ. ಬೆಲೆಯೇರಿಕೆ ಇತ್ತು, ನಿರುದ್ಯೋಗ ಇತ್ತು, ರಸ್ತೆ ಇತ್ತು. ಕೊನೆಗೆ ‘ಇತರೆ’ ಎಂಬಲ್ಲಿ ಒತ್ತಿದ. ಯಾರಿಗೆ ವೋಟು ಎಂದು ಕೇಳಿದಾಗ ಅತ್ತೆ ಅವನ ಕೈಯ ದಾರದ ಬಣ್ಣ ನೋಡಿ ಒಂದು ಪಕ್ಷದ ಹೆಸರು ಹೇಳಿದರು. ಅವನು ಹೋದ ಮೇಲೆ, ಯಾಕೆ ಹಾಗೆ ಹೇಳಿದ್ದು ಅತ್ತೆ ಎಂದು ಕೇಳಿದೆ. ‘ಪಾಪ, ಬಿಸಿಲಲ್ಲಿ ಬಂದಿದ್ದಾನೆ. ಅವನಿಗೆ ಬೇಜಾರು ಯಾಕೆ ಮಾಡುವುದು?’ ಎಂದರು.

ಈ ‘ಇತರೆ’ಯನ್ನು ನೋಡಿ ಯಾವ ಅಭ್ಯರ್ಥಿ ತನ್ನ ನಿಲುವು ಬದಲಿಸುತ್ತಾನೆ ಹೇಳಿ. ಅಮೆರಿಕದಲ್ಲೂ ಪಟ್ಟಿ ಮೊದಲೇ ತಯಾರಾಗಿರುತ್ತದೆ, ಜನ ಅದರಲ್ಲೊಂದನ್ನು ಆರಿಸಬೇಕು. ಮೇಲಾಗಿ ಸಮೀಕ್ಷೆಗಳು ತಪ್ಪುತ್ತವೆ. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು, ಅಧ್ಯಕ್ಷ ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ತೆಗೆದರೆ ಇನ್ನೇನಾಗುತ್ತದೆ?

ಕೊನೆಗೆ ನನ್ನ ಗಟ್ಟಿ ಉದಾಹರಣೆ. ತೆರಿಗೆ ಏರಿಸುತ್ತೇನೆ ಎಂದರೆ ಜನರಿಗೆ ಆಗುವುದಿಲ್ಲ ಎಂದು ತಿಳಿಯಲು ಸಮೀಕ್ಷೆ ಕೂಡ ಬೇಡ. ಆದರೂ 1984ರಲ್ಲಿ ಅಧ್ಯಕ್ಷ ರೇಗನ್ ಎದುರು ನಿಂತ ವಾಲ್ಟರ್ ಮೊಂಡೇಲ್ ತಮ್ಮ ಪಕ್ಷದ ಸಮಾವೇಶದಲ್ಲೇ ನಿಂತು, ರೇಗನ್ ಗೆದ್ದರೂ ತೆರಿಗೆ ಏರುತ್ತದೆ, ನಾನು ಗೆದ್ದರೂ ಏರುತ್ತದೆ, ಅವರು ಹೇಳುವುದಿಲ್ಲ, ನಾನು ಹೇಳಿದೆ ಎಂದರು. 50ರಲ್ಲಿ 49 ರಾಜ್ಯಗಳಲ್ಲಿ ಸೋತರು, ನಿಜ. ಆದರೆ ಸಂಪಾದಕರು ನನ್ನನ್ನು ಕೇಳಿದ್ದು ನಿಲುವಿನ ಬಗ್ಗೆ. ಗೆಲುವಿನ ಬಗ್ಗೆ ಅಲ್ಲ.